ಮಂಡಿ ಕೆತ್ತಿತೇ? ಮೊದಲು ನೀರು ಬಿಡಿ

ಸೈಕಲ್ಲಿಂದ ಬಿದ್ದ ಹುಡುಗನ ಸುತ್ತ ಎಷ್ಟು ಜನ ಸೇರ್ತಾರೋ ಅಷ್ಟು ಔಷಧಿ. ಯಾವ ಊರಿಗೆ ಬೇಕಾದ್ರೂ ಹೋಗಿ, ಇದೇ ಕತೆ. ಒಬ್ಬರು ಒಳಗೋಡಿ ಅರಿಶಿನ ತರ್ತಾರೆ, ಇನ್ನೊಬ್ಬರು ಕಾಫಿಪುಡಿ ಡಬ್ಬ ಹಿಡ್ಕೊಂಡು ಬರ್ತಾರೆ. ಮೂರನೆಯವರು ‘ಅಯ್ಯೋ ಅದೆಲ್ಲ ಬೇಡ, ಡೆಟಾಲ್ ಹಾಕ್ರೀ’ ಅಂತಾರೆ. ಎದುರುಮನೆ ಅಜ್ಜಿ ಗೇಟಿನ ಹತ್ತಿರ ನಿಂತೇ, ‘ನೀರೊಂದು ತಾಗಿಸಬೇಡಿ, ನಂಜಾಗುತ್ತೆ’ ಅಂತ ಕೂಗಿ ಹೇಳ್ತಾರೆ. ಎಲ್ಲರದ್ದೂ ಅಕ್ಕರೆಯೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಅಜ್ಜಿ ಬೇಡ ಅಂದ ನೀರು ಇದೆಯಲ್ಲ, ಮೊದಲು ಬೇಕಾಗಿರೋದು ಅದೇ ನೋಡಿ.

ನಾನು ಈ ವಿಷಯದಲ್ಲಿ ಬಲು ಹಟ ಹಿಡೀತೀನಿ. ತರಚು ಗಾಯ ಅಂದ್ರೆ ಮೊದಲು ನೀರು, ಆಮೇಲೆ ಮಾತು. ನಲ್ಲಿ ಕೆಳಗೆ ಕಾಲಿಟ್ಟು ಐದು ನಿಮಿಷವಾದ್ರೂ ಧಾರೆ ಬಿಡಬೇಕು. ಹುಡುಗ ಕಿರುಚ್ತಾನೆ, ನಿಜ. ಕಿರುಚದೇ ಇನ್ನೇನು ಮಾಡ್ತಾನೆ ಪಾಪ? ತರಕಾರಿ ಹೆಚ್ಚುವಾಗ ಬೆರಳು ಆಳವಾಗಿ ಕುಯ್ದುಕೊಂಡರೂ ಇಷ್ಟು ಉರಿಯಲ್ಲ. ಮಂಡಿ ಕೆತ್ತಿದಾಗ ಚರ್ಮದ ಮೇಲ್ಪದರ ಅಂಗೈಯಗಲ ಎದ್ದು ಹೋಗಿರುತ್ತೆ, ಕೆಳಗಿದ್ದ ನರದ ತುದಿಗಳೆಲ್ಲ ಒಟ್ಟಿಗೇ ಗಾಳಿಗೆ ತೆರೆದುಕೊಳ್ತವೆ. ಆಳ ಕಡಿಮೆ, ಅಗಲ ಜಾಸ್ತಿ, ಉರಿ ವಿಪರೀತ. ಆದ್ದರಿಂದ ‘ಇಷ್ಟಕ್ಕೆಲ್ಲ ಅಳ್ತಾರೇನೋ’ ಅಂತ ಯಾರೂ ಗದರಬಾರದು, ಅಲ್ವಾ?

ನೀರು ಅಂದಾಗ ತೀರ್ಥಹಳ್ಳಿಯ ಬಾಡಿಗೆ ಸೈಕಲ್ ಅಂಗಡಿ ನೆನಪಾಗುತ್ತೆ. ಗಂಟೆಗಿಷ್ಟು ಪೈಸೆ ಅಂತ ಲೆಕ್ಕ, ಹೆಸರು ಬರ್ಕೊಳ್ಳೋಕೆ ಎಣ್ಣೆ ಕಲೆ ಬಿದ್ದ ಒಂದು ಪುಸ್ತಕ. ಸೀಟಿನ ಮೇಲೆ ಕೂತ್ರೆ ಕಾಲು ಎಟುಕದ ಹುಡುಗರೆಲ್ಲ ಅಡ್ಡಪಟ್ಟಿಯ ಕೆಳಗಿಂದ ಕಾಲು ತೂರಿಸಿ ಒಳಪೆಡಲ್ ಹೊಡೀತಾ ಹೋಗಿ, ತಿರುವಿನಲ್ಲಿ ಬಿದ್ದು ವಾಪಸ್ ಬರೋರು. ಅಂಗಡಿ ಮುಂದೆ ಪಂಚರ್ ನೋಡೋ ಕಬ್ಬಿಣದ ಬಾಣಲೆ ಇತ್ತು. ಅದರ ನೀರು ಕಪ್ಪು, ಮೇಲೆ ತೆಳ್ಳಗೆ ಎಣ್ಣೆಯ ಬಣ್ಣಬಣ್ಣದ ಪೊರೆ, ಪಕ್ಕದಲ್ಲೇ ಸೊಲ್ಯೂಷನ್ ಟ್ಯೂಬಿನ ವಾಸನೆ. ಬಿದ್ದ ಹುಡುಗರಿಗೆ ಕಣ್ಣಿಗೆ ಕಾಣ್ತಿದ್ದ ಹತ್ತಿರದ ನೀರು ಅದೇ. ಸೀದಾ ಮಂಡಿ ತೊಳೆಯೋಕೆ ಕೈ ಹಾಕೋರು. ಅಂಗಡಿಯವರು ‘ಏಯ್, ಅದು ಟ್ಯೂಬಿಗೆ, ಕಾಲಿಗಲ್ಲ’ ಅಂತ ತೋಳು ಹಿಡಿದು ಎಳೆದು, ತಾವು ಕುಡಿಯೋಕೆ ಇಟ್ಟುಕೊಂಡಿದ್ದ ಹೂಜಿಯ ನೀರನ್ನ ಮಂಡಿ ಮೇಲಿಂದ ನಿಧಾನಕ್ಕೆ ಸುರಿಯೋರು. ಹೂಜಿ ಖಾಲಿಯಾಗೋ ತನಕ ಬಿಡ್ತಾ ಇರಲಿಲ್ಲ. ಆಮೇಲೆ ಹುಡುಗನನ್ನೇ ಬೋರ್‌ವೆಲ್ಲಿಗೆ ಕಳಿಸಿ ಹೂಜಿ ತುಂಬಿಸ್ಕೊಳ್ಳೋರು, ಅದು ಬೇರೆ ಮಾತು.

ಆ ಮನುಷ್ಯ ಯಾವ ವೈದ್ಯಕೀಯವನ್ನೂ ಓದಿದವರಲ್ಲ. ಆದ್ರೆ ಇವತ್ತು ಡಾಕ್ಟರುಗಳು ಹೇಳೋದೂ ಅದನ್ನೇ. ಕುಡಿಯೋಕೆ ಯೋಗ್ಯವಾದ ನೀರಾದ್ರೆ ಸಾಕು, ತೊಳೆಯೋದಕ್ಕೆ ಬಾಟಲಿಯಲ್ಲಿ ಬರೋ ಸಲೈನೇ ಆಗಬೇಕು ಅಂತೇನಿಲ್ಲ. ನಲ್ಲಿ ನೀರಿನ ಮೇಲೆ ನಂಬಿಕೆ ಇಲ್ಲದ ಊರಾದ್ರೆ ಕುದಿಸಿ ಆರಿಸಿದ ನೀರು. ಲೀಟರಿಗೆ 9 ಗ್ರಾಂ ಉಪ್ಪು ಹಾಕಿದ್ರೆ ಮನೆಯಲ್ಲೇ ಸಲೈನು. ಬರೀ ನೀರಿಗಿಂತ ಅದು ಕಮ್ಮಿ ಉರಿಯುತ್ತೆ, ಯಾಕಂದ್ರೆ ನಮ್ಮ ಮೈಯ ರಸದ ಉಪ್ಪೂ ಹೆಚ್ಚುಕಮ್ಮಿ ಅಷ್ಟೇ. ಗಾಯದ ಸುತ್ತಲಿನ ಚರ್ಮಕ್ಕೆ ಸೋಪು ಹಚ್ಚಿ, ಗಾಯದೊಳಕ್ಕೆ ಬೇಡ. ಮತ್ತೆ, ತೊಳೆಯೋರು ತಮ್ಮ ಕೈಯನ್ನೂ ಮೊದಲು ತೊಳ್ಕೋಬೇಕು. ಗಾಬರಿಯಲ್ಲಿ ಅದೊಂದು ಎಲ್ಲರಿಗೂ ಮರೆತೇ ಹೋಗುತ್ತೆ.

ಇನ್ನು ಕಲ್ಲುಪುಡಿ, ಟಾರು, ಮಣ್ಣು. ಬೆಳಕಿಗೆ ಕೂರಿಸಿ ಹತ್ತಿರದಿಂದ ನೋಡಿದ್ರೆ ಕೆಂಪು ಹಸಿ ಗಾಯದ ಮಧ್ಯೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಕಾಣ್ತವೆ. ‘ತಾನಾಗೇ ಹೊರಗೆ ಬರುತ್ತೆ ಬಿಡಿ’ ಅಂತ ಬಿಡಬಾರದು. ಒದ್ದೆ ಜಾಲಿಬಟ್ಟೆಯನ್ನ ಹತ್ತು ನಿಮಿಷ ಗಾಯದ ಮೇಲೆ ನೆನೆಯೋಕೆ ಬಿಟ್ಟು, ಆಮೇಲೆ ಒಂದೇ ದಿಕ್ಕಿಗೆ ಮೆತ್ತಗೆ ಒರೆಸಬೇಕು. ಉಳಿದಿದ್ದಕ್ಕೆ ಸ್ಪಿರಿಟ್‌ನಲ್ಲಿ ಒರೆಸಿದ ಚಿಮಟ. ಅದಕ್ಕೂ ಬಗ್ಗದಿದ್ರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಅವರು ಮರಗಟ್ಟಿಸೋ ಔಷಧಿ ಹಾಕಿ ಬ್ರಷ್ಷಿನಿಂದ ತೆಗೀತಾರೆ. ಬಿಟ್ಟರೆ ಏನಾಗುತ್ತೆ ಗೊತ್ತಾ? ಹಚ್ಚೆ! ನಿಜಕ್ಕೂ ಹಚ್ಚೆಯೇ. ಕೊರವಂಜಿಯರು ಸೂಜಿಯಿಂದ ಚುಚ್ಚಿ ಬಣ್ಣ ಇಳಿಸ್ತಿದ್ದರಲ್ಲ, ಅದು ಅಜ್ಜಿಯರ ಮುಂಗೈ ಮೇಲೆ ಕೊನೇತನಕ ಉಳೀತಿತ್ತಲ್ಲ, ಅದೇ ಲೆಕ್ಕ. ಮೇಲಿನ ಚರ್ಮ ಹೆಚ್ಚುಕಮ್ಮಿ ತಿಂಗಳಿಗೊಮ್ಮೆ ಹೊಸದಾಗುತ್ತೆ, ಒಳಪದರ ಹಾಗಲ್ಲ, ಅಲ್ಲಿ ಸೇರಿದ್ದು ಅಲ್ಲೇ ಕೂರುತ್ತೆ. ಒಳಪದರದಲ್ಲಿ ಕೂತ ಟಾರು ನೀಲಿಗಪ್ಪು ಚುಕ್ಕೆಯಾಗಿ ಉಳಿದುಬಿಡುತ್ತೆ. ಹಳೇ ಸೈಕಲ್ ಸವಾರರ ಮೊಣಕೈ ನೋಡಿ ಬೇಕಾದ್ರೆ, ಒಬ್ಬರಲ್ಲ ಒಬ್ಬರ ಹತ್ತಿರ ಇದ್ದೇ ಇರುತ್ತೆ.

ಆಮೇಲೆ ಬರುತ್ತೆ ಬಾಟಲಿಗಳ ಸರದಿ. ನಮ್ಮ ಸ್ಕೂಲಿನ ಮರದ ಔಷಧಿ ಪೆಟ್ಟಿಗೆಯಲ್ಲಿ ಮೂರು ಬಣ್ಣ ಇರ್ತಿತ್ತು. ಕೆಂಪು ಅಂದ್ರೆ ಮರ್ಕ್ಯುರೋಕ್ರೋಮ್, ಕಂದು ಅಂದ್ರೆ ಟಿಂಚರ್, ನೇರಳೆ ಅಂದ್ರೆ ಜೆನ್ಷಿಯನ್ ವಯಲೆಟ್. ಡ್ರಿಲ್ ಮಾಸ್ತರು ಕಡ್ಡಿಗೆ ಹತ್ತಿ ಸುತ್ತಿ ಅದ್ದಿ ಬಳಿಯೋರು. ಕೆಂಪು ಬಳಿಸಿಕೊಂಡವನಿಗೆ ಇಡೀ ದಿನ ತರಗತಿಯಲ್ಲಿ ಎಷ್ಟು ಮರ್ಯಾದೆ! ಆ ಕೆಂಪು ಔಷಧಿಯಲ್ಲಿ ಪಾದರಸ ಇತ್ತು ಕಣ್ರೀ. 1918ರ ಸುಮಾರಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಹ್ಯೂ ಯಂಗ್ ಅನ್ನೋ ವೈದ್ಯರು ಅದನ್ನ ಬಳಕೆಗೆ ತಂದದ್ದು. 1998ರಲ್ಲಿ ಅದೇ ದೇಶದ ಔಷಧ ನಿಯಂತ್ರಣ ಇಲಾಖೆ, ಇದು ಸುರಕ್ಷಿತ, ಪರಿಣಾಮಕಾರಿ ಅಂತ ಒಪ್ಪೋಕೆ ಆಗಲ್ಲ ಅಂದುಬಿಡ್ತು. ಎಂಬತ್ತು ವರ್ಷ ಲೋಕದ ಮಕ್ಕಳ ಮಂಡಿಯೆಲ್ಲ ಕೆಂಪಾದ ಮೇಲೆ!

ಸ್ಪಿರಿಟ್ ಹಾಕಿದಾಗ ಜೀವ ಹೋದಷ್ಟು ಉರಿಯುತ್ತಲ್ಲ, ಅದರದ್ದೂ ಒಂದು ಸ್ವಾರಸ್ಯ ಇದೆ. ಬಿಸಿಯನ್ನ ತಿಳಿಸೋ ಒಂದು ಗ್ರಾಹಕ ನಮ್ಮ ನರತುದಿಯಲ್ಲಿದೆ. ಮೆಣಸಿನಕಾಯಿ ಖಾರಕ್ಕೆ ಎಚ್ಚರಾಗೋದೂ ಅದೇ. ಸಾಧಾರಣವಾಗಿ 42 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ಮಾತ್ರ ‘ಸುಡ್ತಿದೆ’ ಅಂತ ಅದು ಕೂಗೋದು. ಆಲ್ಕೋಹಾಲ್ ಬಿದ್ದ ಕೂಡಲೇ ಆ ಮಿತಿ 34ರ ಹತ್ತಿರಕ್ಕೆ ಇಳಿಯುತ್ತೆ. ಅಂದ್ರೆ ನಮ್ಮ ಮೈಯ ಬಿಸಿಯೇ ನಮ್ಮನ್ನ ಸುಟ್ಟಂತೆ ಅನ್ನಿಸುತ್ತೆ! ‘ಉರೀತಿದೆ ಅಂದ್ರೆ ಔಷಧಿ ಕೆಲಸ ಮಾಡ್ತಿದೆ’ ಅಂತ ಹಿರಿಯರು ಸಮಾಧಾನ ಹೇಳ್ತಿದ್ರಲ್ಲ, ಆ ಉರಿಗೂ ಗಾಯ ಮಾಯೋದಕ್ಕೂ ಸಂಬಂಧವೇ ಇಲ್ಲ. ಹೈಡ್ರೋಜನ್ ಪೆರಾಕ್ಸೈಡ್ ನೊರೆನೊರೆಯಾಗಿ ಉಕ್ಕೋದೂ ಅಷ್ಟೇ. ರಕ್ತದಲ್ಲಿರೋ ಒಂದು ಕಿಣ್ವ ಅದನ್ನ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತೆ, ಆ ಗುಳ್ಳೆ ಅದು. ನೋಡೋಕೆ ಚೆಂದ. ಆದ್ರೆ ರೋಗಾಣುವಿನ ಜೊತೆ ಹೊಸ ಚರ್ಮ ಕಟ್ಟೋಕೆ ಬಂದ ಜೀವಕೋಶಗಳಿಗೂ ಅದರಿಂದ ಏಟು ಬೀಳುತ್ತೆ. ಡೆಟಾಲ್ ಹಾಕೋದೇ ಆದ್ರೆ ನೀರು ಬೆರೆಸದೆ ಹಾಕಬಾರದು. ಪೊವಿಡೋನ್ ಅಯೋಡಿನ್ ಆದ್ರೆ, ಮಣ್ಣಿನ ಗಾಯಕ್ಕೆ ಮೊದಲ ದಿನ ಹಚ್ಚಿದ್ರೆ ಸರಿ, ದಿನಾ ದಿನಾ ಬಳಿಯೋದು ಬೇಕಿಲ್ಲ.

ಅರಿಶಿನದ ವಿಷಯಕ್ಕೆ ಬಂದ್ರೆ ನಿಮಗೂ ಅಭಿಮಾನ, ನನಗೂ ಅಭಿಮಾನ. ಗಾಯಕ್ಕೆ ಅರಿಶಿನ ಹಚ್ಚೋದು ತಮ್ಮ ಶೋಧನೆ ಅಂತ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ತಗೊಂಡಿದ್ರಲ್ಲ, ನೆನಪಿದೆಯಾ? ನಮ್ಮ ಸಿಎಸ್‌ಐಆರ್‌ನವರು ಮಾಶೇಲ್ಕರ್ ಮುಂದಾಳತ್ವದಲ್ಲಿ ಸಂಸ್ಕೃತದ ಹಳೇ ಗ್ರಂಥಗಳನ್ನೆಲ್ಲ ಪುರಾವೆಗೆ ತೆಗೆದು ತೋರಿಸಿ 1997ರಲ್ಲಿ ಅದನ್ನ ರದ್ದು ಮಾಡಿಸಿದ್ರು. ನಮ್ಮ ಅಜ್ಜಿಯರ ಅಡುಗೆಮನೆ ಡಬ್ಬ ಅಮೆರಿಕದ ಪೇಟೆಂಟ್ ಕಚೇರಿ ಮೆಟ್ಟಿಲು ಹತ್ತಿ ಗೆದ್ದು ಬಂತು, ಸಾಮಾನ್ಯವೇ? ಆದ್ರೂ ಹಸಿ ತರಚು ಗಾಯಕ್ಕೆ ಅಂಗಡಿಯ ಅರಿಶಿನಪುಡಿ ಮೆತ್ತಬೇಡಿ ಅಂತಲೇ ನಾನು ಹೇಳೋದು. ಅರಿಶಿನದ ಗುಣ ಸುಳ್ಳು ಅಂತಲ್ಲ. ಡಬ್ಬದ ಪುಡಿ ರೋಗಾಣು ಇಲ್ಲದ ಪುಡಿಯಲ್ಲ, ಅದಕ್ಕೆ ಎಷ್ಟು ಕೈ ತಾಗಿರುತ್ತೋ. ಅದೂ ಅಲ್ಲದೆ ಗಾಯವೆಲ್ಲ ಹಳದಿಯಾದ ಮೇಲೆ ಒಳಗೆ ಕೆಂಪಾಗ್ತಿದೆಯೋ ಕೀವಾಗ್ತಿದೆಯೋ ಹೇಗೆ ಕಾಣಬೇಕು? ಕಾಫಿಪುಡಿಯಂತೂ ಬೇಡವೇ ಬೇಡ. ರಕ್ತದ ಜೊತೆ ಗಟ್ಟಿ ಹಿಡಿದುಬಿಟ್ರೆ ನರ್ಸಮ್ಮ ಅದನ್ನ ಕೆರೆದು ತೆಗೆಯೋವಾಗ ಬಿದ್ದ ನೋವಿನ ಎರಡರಷ್ಟು ನೋವು. ಮಲೆನಾಡು, ಕರಾವಳಿ ಕಡೆ ಕಮ್ಯುನಿಸ್ಟ್ ಗಿಡದ ಸೊಪ್ಪು ಹಿಂಡಿ ಬಿಡ್ತಾರೆ. ಬೇಲಿ ತುಂಬ ಬೆಳೆಯೋ ಅದು ಅಮೆರಿಕ ಖಂಡದ ಕಡೆಯಿಂದ ಬಂದ ಕಳೆ. ಗಾಯಕ್ಕೆ ಅದನ್ನ ಹಿಂಡೋ ರೂಢಿ ವಿಯೆಟ್ನಾಂ ಕಡೆಯೂ ಇದೆಯಂತೆ. ನೆತ್ತರು ನಿಲ್ಲೋಕೆ ಅದೆಲ್ಲ ಯಾಕೆ ಹೇಳಿ? ಶುದ್ಧ ಬಟ್ಟೆ ಒತ್ತಿ ಹತ್ತು ನಿಮಿಷ ಹಿಡಿದ್ರೆ ತರಚು ಗಾಯದ ರಕ್ತ ತಾನೇ ನಿಲ್ಲುತ್ತೆ. ಮಧ್ಯೆ ಮಧ್ಯೆ ತೆಗೆದು ‘ನಿಂತಿತಾ’ ಅಂತ ಇಣುಕಬಾರದು, ಅಷ್ಟೇ.

ಈಗ ದೊಡ್ಡ ಚರ್ಚೆ. ‘ಗಾಳಿಗೆ ಬಿಡಿ, ಒಣಗಲಿ, ಹಕ್ಕಳೆ ಕಟ್ಟಲಿ.’ ಈ ಮಾತು ಕೇಳದ ಮನೆ ಉಂಟಾ? 1962ರಲ್ಲಿ ಇಂಗ್ಲೆಂಡಿನ ಜಾರ್ಜ್ ವಿಂಟರ್ ಅನ್ನೋ ವಿಜ್ಞಾನಿ ಹಂದಿಮರಿಗಳ ಮೇಲೆ ಒಂದು ಪ್ರಯೋಗ ಮಾಡಿದ್ರು. ಕೆಲವು ಗಾಯ ಗಾಳಿಗೆ ಬಿಟ್ಟರು, ಕೆಲವಕ್ಕೆ ತೆಳು ಪಾಲಿಥೀನ್ ಹೊದಿಸಿದ್ರು. ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಹೆಚ್ಚುಕಮ್ಮಿ ಎರಡು ಪಟ್ಟು ಬೇಗ ಹರಡಿತು. ಕಾರಣ ಸರಳ. ಹೊಸ ಜೀವಕೋಶಗಳು ತೇವದ ಮೇಲೆ ಸಲೀಸಾಗಿ ಸರಿದು ಹೋಗ್ತವೆ. ಒಣ ಹಕ್ಕಳೆ ಕೂತಿದ್ರೆ ಅದರ ಅಡಿಗೆ ಇಳಿದು ದಾರಿ ಕೊರೆದುಕೊಂಡು ಹೋಗಬೇಕು. ಅದರಲ್ಲೂ ಮಂಡಿ ಅನ್ನೋದು ಸುಮ್ಮನಿರೋ ಜಾಗವೇ ಅಲ್ಲ. ಕೂತಾಗ ಎದ್ದಾಗ ಹಕ್ಕಳೆ ಬಿರಿಯುತ್ತೆ, ಮತ್ತೆ ರಕ್ತ, ಮತ್ತೆ ಹಕ್ಕಳೆ. ತೇವವಾಗಿಟ್ಟ ಗಾಯವನ್ನ ನಾಲ್ಕನೇ ದಿನ ಸೂಕ್ಷ್ಮವಾಗಿ ನೋಡಿ, ಅಂಚಿನಿಂದ ಮಾತ್ರ ಅಲ್ಲ, ನಡುನಡುವೆಯೂ ಸಣ್ಣ ಸಣ್ಣ ತೆಳುಗೆಂಪು ಚುಕ್ಕೆ ಏಳ್ತವೆ, ಗದ್ದೆಯಲ್ಲಿ ಅಲ್ಲಲ್ಲಿ ಪೈರು ಚಿಗುರಿದ ಹಾಗೆ. ಕೂದಲ ಬುಡದಲ್ಲಿ ಉಳ್ಕೊಂಡ ಚರ್ಮದ ಜೀವಕೋಶಗಳು ಅವು. ಒಂದಕ್ಕೊಂದು ಕೂಡಿ ಇಡೀ ಜಾಗ ಮುಚ್ಚುತ್ತೆ. ಇದನ್ನ ನೋಡೋದೇ ಒಂದು ಸಂತೋಷ ಅಂತೀನಿ.

ಹಾಗಾದ್ರೆ ಏನು ಹಚ್ಚಬೇಕು? ಬರೀ ಪೆಟ್ರೋಲಿಯಂ ಜೆಲ್ಲಿ ಸಾಕು. ಇದರ ಹುಟ್ಟು ಕೇಳಿದ್ರೆ ನೀವು ನಗ್ತೀರಿ. 1859ರಲ್ಲಿ ರಾಬರ್ಟ್ ಚೀಸ್‌ಬ್ರೋ ಅನ್ನೋ ಅಮೆರಿಕದ ಯುವಕ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ಗೆ ಹೋದ, ಹೊಸದಾಗಿ ಎಣ್ಣೆ ಸಿಕ್ಕ ಊರು ಅದು. ಅಲ್ಲಿ ಪಂಪಿನ ಸರಳುಗಳಿಗೆ ಮೇಣದಂಥ ಜಿಡ್ಡು ಮೆತ್ತಿ ಕೆಲಸ ಕೆಡಿಸ್ತಾ ಇತ್ತಂತೆ. ಕೂಲಿಯವರು ಬೈಕೊಂಡು ಬೈಕೊಂಡೇ ಅದನ್ನ ತಮ್ಮ ಗಾಯಕ್ಕೂ ಸುಟ್ಟ ಕಲೆಗೂ ಹಚ್ಕೊಳ್ತಾ ಇದ್ರು. ಈತ ಅದನ್ನ ಶುದ್ಧ ಮಾಡಿ, 1872ರಲ್ಲಿ ವ್ಯಾಸಲಿನ್ ಅಂತ ಪೇಟೆಂಟ್ ಪಡೆದ. ಜನಕ್ಕೆ ನಂಬಿಕೆ ಬರಲಿ ಅಂತ ತನ್ನ ಕೈಯನ್ನೇ ಸುಟ್ಕೊಂಡು, ಅದಕ್ಕೇ ಹಚ್ಕೊಂಡು ತೋರಿಸ್ತಿದ್ದನಂತೆ. ದಿನಾ ಒಂದು ಚಮಚ ತಿಂತಿದ್ದ ಅಂತಲೂ ಹೇಳ್ತಾರೆ! ತಿನ್ನೋದು ಬಿಡಿ, ನಾವು ಹಚ್ಕೊಳ್ಳೋಣ. ಶುದ್ಧ ಗಾಯಕ್ಕೆ ಆ್ಯಂಟಿಬಯೋಟಿಕ್ ಮುಲಾಮೂ ಬರೀ ಜೆಲ್ಲಿಯೂ ಸೋಂಕು ತಡೆಯೋದರಲ್ಲಿ ಗಣನೀಯ ವ್ಯತ್ಯಾಸ ತೋರಿಸಲಿಲ್ಲ ಅಂತ 1996ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳುತ್ತೆ. ನಿಯೋಮೈಸಿನ್ ಇರೋ ಮುಲಾಮು ಕೆಲವರ ಚರ್ಮಕ್ಕೆ ಆಗಿಬರೋದೂ ಇಲ್ಲ, ಸುತ್ತ ಕಜ್ಜಿಯಂತೆ ಏಳುತ್ತೆ. ಜೆಲ್ಲಿ ಹಚ್ಚಿ, ಮೇಲೆ ಅಂಟದಂಥ ಪ್ಯಾರಾಫಿನ್ ಜಾಲಿ ಅಥವಾ ಪ್ಯಾಡ್ ಇಟ್ಟು, ದಿನಕ್ಕೊಮ್ಮೆ ತೊಳೆದು ಬದಲಾಯಿಸಿ. ಒಣ ಹತ್ತಿ ಮಾತ್ರ ಇಡಬೇಡಿ, ಅದರ ಎಳೆ ಗಾಯದಲ್ಲೇ ಕೂರುತ್ತೆ. ಬ್ಯಾಂಡೇಜ್ ಅಂಟಿಕೊಂಡಿದ್ರೆ ಪಟ್ಟಂತ ಕೀಳಬಾರದು, ನೀರು ಹಾಕಿ ನೆನೆಸಿದ್ರೆ ಅದೇ ಬಿಡುತ್ತೆ.

ಸೈಕಲ್ ರೇಸಿನವರು ಕಾಲು ನುಣ್ಣಗೆ ಬೋಳಿಸ್ಕೊಳ್ತಾರಲ್ಲ, ಯಾಕೆ ಅಂತ ನಮ್ಮ ಹಿಂದಿನ ಮನೆಯವರು ಕೇಳ್ತಿದ್ರು. ಗಾಳಿ ಸೀಳೋಕೆ, ಮಾಲೀಶಿಗೆ ಅಂತೆಲ್ಲ ಹೇಳ್ತಾರೆ, ನಿಜ. ಆದ್ರೆ ಬಿದ್ದಾಗ ಗಾಯ ತೊಳೆಯೋಕೆ ಸಲೀಸು, ಪ್ಲಾಸ್ಟರ್ ಕೀಳುವಾಗ ಕೂದಲು ಕಿತ್ತು ಬರೋ ಸಂಕಟ ಇಲ್ಲ, ಅದೂ ಒಂದು ಕಾರಣ. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಸೈಕಲ್ ಪಟುಗಳಿಗೂ ಅದು ಹೊಸದಲ್ಲ. ಟೂರ್ ದ ಫ್ರಾನ್ಸ್‌ನಲ್ಲಿ ಡಾಕ್ಟರ ತೆರೆದ ಕಾರು ಸವಾರರ ಜೊತೆಗೇ ಓಡುತ್ತೆ. ಗಾಯವಾದವನು ಒಂದು ಕೈಲಿ ಕಾರು ಹಿಡ್ಕೊಂಡು ಪೆಡಲ್ ಹೊಡೀತಾ ಇರ್ತಾನೆ, ಡಾಕ್ಟರು ಬಾಗಿ ಬಂದು ಮೊಣಕೈಗೆ ಔಷಧಿ ಬಳೀತಾರೆ. 2011ರಲ್ಲಿ ಟೀವಿಯವರ ಕಾರೊಂದು ಅಡ್ಡ ಬಂದು ಗುದ್ದಿ, ನೆದರ್‌ಲೆಂಡ್ಸಿನ ಜಾನಿ ಹೂಗರ್‌ಲಾಂಡ್ ಹಾರಿ ಹೋಗಿ ಮುಳ್ಳುತಂತಿ ಬೇಲಿಗೆ ಬಿದ್ದ. ಎದ್ದು, ಹರಿದ ಚಡ್ಡಿಯಲ್ಲೇ ಗುರಿ ತಲುಪಿದ. 33 ಹೊಲಿಗೆ ಬಿತ್ತು. ಅವತ್ತೇ ಬೆಟ್ಟದ ಓಟದ ಚುಕ್ಕಿ ಅಂಗಿ ಅವನಿಗೇ ಬಂತು, ವೇದಿಕೆ ಮೇಲೆ ಕಣ್ಣೀರು ಹಾಕಿದ. ನೋಡಿದವರ ಕಣ್ಣೂ ಒದ್ದೆಯಾಯ್ತು. ಅಂಥವರ ಗಟ್ಟಿತನ ಮೆಚ್ಚೋಣ. ಆದ್ರೆ ಭಾನುವಾರ ಬೆಳಿಗ್ಗೆ ನಂದಿ ಬೆಟ್ಟ ಇಳಿಯೋವಾಗ ತಿರುವಿನ ಜಲ್ಲಿ ಮೇಲೆ ಜಾರಿದವರು ‘ಏನೂ ಆಗಿಲ್ಲ’ ಅಂತ ಹಾಗೇ ಮನೆಗೆ ಹೊರಡಬಾರದು. ಕುಡಿಯೋ ಬಾಟಲಿ ಸೈಕಲ್ಲಿಗೇ ಸಿಕ್ಕಿಸಿರ್ತಾರಲ್ಲ, ಅದರ ನೀರು ಅಲ್ಲೇ ಸುರಿದ್ರೆ ಅರ್ಧ ಕೆಲಸ ಆಯ್ತು.

ಇನ್ನು ಪಥ್ಯ! ಬದನೆಕಾಯಿ ನಂಜು, ಮೀನು ನಂಜು, ಮೊಟ್ಟೆ ನಂಜು, ಕುಂಬಳಕಾಯಿ ನಂಜು. ಗಾಯವಾದ ಮಗುವಿಗೆ ಬರೀ ತಿಳಿಸಾರು ಅನ್ನ. ಆ ಮಗು ಹೊಸ ಚರ್ಮ ಕಟ್ಟೋದು ಯಾವುದರಿಂದ ಅಂತ ಯೋಚಿಸಿ. ಅದಕ್ಕೆ ಪ್ರೋಟೀನ್ ಬೇಕು, ಸಿ ಜೀವಸತ್ವ ಬೇಕು. ಮೊಟ್ಟೆ ತಿನ್ನೋರು ಮೊಟ್ಟೆ ಕೊಡಿ, ಇಲ್ಲದವರು ಬೇಳೆ, ಕಾಳು, ಮೊಸರು ಕೊಡಿ. ಜೊತೆಗೆ ಸೀಬೆಹಣ್ಣು, ನೆಲ್ಲಿಕಾಯಿ. ಬದನೆಕಾಯಿ ಪಾಪ, ಯಾರ ಗಾಯವನ್ನೂ ಕೆಡಿಸಲ್ಲ. ನಿಜವಾದ ನಂಜು ಯಾವುದು ಅಂತ ನೋಡೋದಾದ್ರೆ, ಎರಡು ದಿನ ಕಳೆದ ಮೇಲೆ ನೋವು ಇಳಿಯೋ ಬದಲು ಏರೋದು, ಕೆಂಪು ಅಂಚು ದಾಟಿ ಹರಡೋದು, ಬಿಸಿಯಾಗೋದು, ಕೀವು, ವಾಸನೆ, ಜ್ವರ, ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಹೋಗೋದು. ಅವು ಕಂಡ್ರೆ ಆಸ್ಪತ್ರೆಗೆ ಹೋಗಿ, ತಡ ಮಾಡಬೇಡಿ. ಸಕ್ಕರೆ ಕಾಯಿಲೆ ಇದ್ದವರು ಕಾಲಿನ ಸಣ್ಣ ತರಚನ್ನೂ ಮೊದಲ ದಿನವೇ ತೋರಿಸಬೇಕು.

ಇನ್ನೊಂದು ಮಾತು, ಇದನ್ನ ಎಲ್ಲರಿಗೂ ಹೇಳ್ತಾ ಇರ್ತೀನಿ. ಮಂಡಿಯ ರಕ್ತ ನೋಡ್ತಾ ನೋಡ್ತಾ ಬೇರೆ ಏಟು ಮರೀಬಾರದು. ಸೈಕಲ್ ಹ್ಯಾಂಡಲ್ಲಿನ ತುದಿ ಮಗುವಿನ ಹೊಟ್ಟೆಗೆ ಗುದ್ದಿದ್ರೆ ಮೇಲೆ ರೂಪಾಯಿ ಅಗಲದ ಗುರುತು ಮಾತ್ರ ಕಾಣಬಹುದು. ಒಳಗೆ ಗುಲ್ಮ, ಯಕೃತ್ತಿಗೆ ಪೆಟ್ಟಾಗಿರೋ ಸಂಭವ ಇರುತ್ತೆ. ಹೊಟ್ಟೆನೋವು ಅಂದ್ರೆ, ತಲೆಗೆ ಏಟು ಬಿದ್ದು ವಾಂತಿ, ಮಂಪರು ಅಂದ್ರೆ, ತರಚು ಗಾಯವನ್ನ ಹಾಗೇ ಬಿಟ್ಟು ಮೊದಲು ಡಾಕ್ಟರ ಹತ್ತಿರ.

ಮಾಯ್ತಾ ಬಂದಾಗ ತುರಿಕೆ ಶುರುವಾಗುತ್ತೆ, ಅದು ಒಳ್ಳೇ ಲಕ್ಷಣವೇ. ಕೆರೆಯೋ ಬದಲು ಸ್ವಲ್ಪ ಜೆಲ್ಲಿ ಹಚ್ಚಿ. ಹೊಸ ಚರ್ಮ ಮೊದಲು ತೆಳುಗೆಂಪು, ನಮ್ಮಂಥ ಕಂದು ಮೈಯವರಿಗೆ ಆಮೇಲೆ ಕಪ್ಪಾಗಿ ಕೆಲವು ತಿಂಗಳು ನಿಲ್ಲುತ್ತೆ. ಬಿಸಿಲು ಬಿದ್ರೆ ಇನ್ನೂ ಜಾಸ್ತಿ. ಮುಚ್ಚೋ ಬಟ್ಟೆ ಹಾಕಿ, ನಿಧಾನಕ್ಕೆ ತಿಳಿಯಾಗುತ್ತೆ.

ಅಂದ ಹಾಗೆ, ಧನುರ್ವಾಯು ಇಂಜೆಕ್ಷನ್ ವಿಷಯ. ತುಕ್ಕಿನಿಂದ ಬರುತ್ತೆ ಅಂತ ನಂಬಿಕೆ. ತುಕ್ಕಿನ ತಪ್ಪೇನಿಲ್ಲ. ಮಣ್ಣಲ್ಲಿ, ದನ, ಕುದುರೆಯ ಲದ್ದಿಯಲ್ಲಿ ಆ ರೋಗಾಣುವಿನ ಬೀಜ ವರ್ಷಗಟ್ಟಲೆ ಬದುಕಿರುತ್ತೆ, ರಸ್ತೆಯಂಚಿನ ಧೂಳಲ್ಲೂ ಇರುತ್ತೆ. ಹಾಗಂತ ಬಿದ್ದಾಗಲೆಲ್ಲ, ಆರು ತಿಂಗಳಿಗೊಮ್ಮೆ ಚುಚ್ಚಿಸ್ಕೋಬೇಕಿಲ್ಲ. ಮಕ್ಕಳಿಗೆ ಸರ್ಕಾರಿ ಲಸಿಕೆ ಪಟ್ಟಿಯಲ್ಲೇ ಐದಾರು ವರ್ಷದ ತನಕ ಸರದಿ ಇದೆ, ಆಮೇಲೆ 10 ಮತ್ತು 16ನೇ ವಯಸ್ಸಿಗೆ ಟಿಡಿ. ದೊಡ್ಡವರಿಗೆ 10 ವರ್ಷಕ್ಕೊಮ್ಮೆ. ಮಣ್ಣಾದ ಗಾಯವಾದ್ರೆ, ಕೊನೇ ಡೋಸ್ ಆಗಿ 5 ವರ್ಷ ದಾಟಿದ್ರೆ ಒಂದು. ಮಕ್ಕಳ ತಾಯಿ ಕಾರ್ಡನ್ನ ನಾವು ಬೀರುವಿನಲ್ಲಿ ಜೋಪಾನವಾಗಿ ಇಡ್ತೀವಿ, ನಮ್ಮದು ಮಾತ್ರ ಯಾರಿಗೂ ನೆನಪಿರಲ್ಲ. ನಿಮ್ಮದು ಯಾವಾಗ ಆಗಿತ್ತು? ಗೊತ್ತಿಲ್ವಾ? ಹಾಗಾದ್ರೆ ನಾಳೆ ಆರೋಗ್ಯ ಕೇಂದ್ರಕ್ಕೆ ಹೋಗಿ ಬನ್ನಿ, ನಿಮ್ಮ ಯಜಮಾನರನ್ನೂ ಕರ್ಕೊಂಡು ಹೋಗಿ. ಅವರೂ ಈಚೆಗೆ ದಿನಾ ಬೆಳಿಗ್ಗೆ ಸೈಕಲ್ ತಗೊಂಡು ಹೊರಡ್ತಾರಲ್ವಾ?